ಕೊತ್ತಂಬರಿ ಸೊಪ್ಪು ತರುವಷ್ಟು ದೂರ

ಮೇ ತಿಂಗಳು ಬಂತೆಂದರೆ ಕಾರವಾರದಲ್ಲಿ ಬಾಡಿಗೆ ಮನೆ ಹುಡುಕುವವರ ಓಡಾಟ ಶುರುವಾಗುತ್ತದೆ. ಜಿಲ್ಲಾ ಕೇಂದ್ರ ಅಲ್ವಾ, ವರ್ಗಾವಣೆ ಆದೇಶ ಹಿಡಿದು ಬರುವವರು ಇದ್ದೇ ಇರುತ್ತಾರೆ. ನೌಕಾನೆಲೆಗೆ, ಬ್ಯಾಂಕಿಗೆ, ಕೋರ್ಟಿಗೆ, ಕಚೇರಿಗೆ. ಈ ಸಲ ನನ್ನ ತಮ್ಮನ ಸರದಿ. ಧಾರವಾಡದಲ್ಲಿ ಆರು ವರ್ಷ ಇದ್ದವನು. ಮಗನಿಗೆ ಒಂಬತ್ತು ವರ್ಷ, ಮಗಳಿಗೆ ನಾಲ್ಕು. ಫೋನ್ ಮಾಡಿ ಕೇಳಿದ: "ಅಕ್ಕಾ, ಮಕ್ಕಳಿಗೆ ಯಾವ ಏರಿಯಾ ಒಳ್ಳೇದು?"

ಜೊತೆಗೆ ಬ್ರೋಕರ್ ಕಳಿಸಿದ ನಾಲ್ಕು ಮನೆಗಳ ವಿವರವನ್ನೂ ವಾಟ್ಸಾಪಿನಲ್ಲಿ ಹಾಕಿದ. ಶಾಲೆ ಹತ್ರ, ಬೀಚ್ ಹತ್ರ, ಆಸ್ಪತ್ರೆ ಹತ್ರ, ಮಾರ್ಕೆಟ್ ಹತ್ರ. ನಾಲ್ಕೂ ಮನೆಗೆ ಅದೇ ನಾಲ್ಕು 'ಹತ್ರ'. ಸುಳ್ಳೇನೂ ಅಲ್ಲ. ಕಾರವಾರ ಚಿಕ್ಕ ಊರು. ಸ್ಕೂಟರ್ ಇದ್ದವನಿಗೆ ಇಲ್ಲಿ ಎಲ್ಲವೂ ಹತ್ರವೇ. ಆದರೆ ಒಂಬತ್ತು ವರ್ಷದ ಹುಡುಗನ ಹತ್ತಿರ ಸ್ಕೂಟರ್ ಇಲ್ಲ.

ನಾನು ತಿರುಗಿ ಒಂದೇ ಪ್ರಶ್ನೆ ಕೇಳಿದೆ. "ಆ ಮನೆಯಿಂದ ನಿನ್ನ ಮಗ ಒಬ್ಬನೇ ಅಂಗಡಿಗೆ ಹೋಗಿ ಹತ್ತು ರೂಪಾಯಿ ಕೊತ್ತಂಬರಿ ಸೊಪ್ಪು ತರಬಹುದಾ?" ಅವನು ನಕ್ಕ. ಹದಿನಾಲ್ಕು ವರ್ಷ ಇದೇ ಊರಲ್ಲಿ ಇಬ್ಬರು ಮಕ್ಕಳನ್ನು ಸಾಕಿದವಳಿಗೆ ಅದು ನಗುವ ಪ್ರಶ್ನೆಯಾಗಿ ಕಾಣಲಿಲ್ಲ. ಯಾಕೆ ಅಂತ ಅವನಿಗೆ ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಮೊದಲು ದೂರದ ಲೆಕ್ಕ. ದೊಡ್ಡವರು ಐದು ನಿಮಿಷದಲ್ಲಿ ಸುಮಾರು 400 ಮೀಟರ್ ನಡೆಯುತ್ತಾರೆ. ನಾಲ್ಕು ವರ್ಷದ ಮಗುವಿಗೆ ಅದೇ ದೂರ ಹತ್ತು ನಿಮಿಷದ್ದು. ದಾರಿಯಲ್ಲಿ ನಾಯಿಮರಿ ಸಿಕ್ಕರೆ ಅರ್ಧ ಗಂಟೆ. ಈ 400 ಮೀಟರ್ ಲೆಕ್ಕ ನನ್ನ ಸ್ವಂತದ್ದಲ್ಲ. 1929ರಲ್ಲಿ ಕ್ಲಾರೆನ್ಸ್ ಪೆರ್ರಿ ಎಂಬ ಅಮೆರಿಕದ ಯೋಜಕ ನ್ಯೂಯಾರ್ಕಿನ ನಗರ ಯೋಜನೆಗೆ ಒಂದು ಮಾದರಿ ಕೊಟ್ಟ. ಐದಾರು ಸಾವಿರ ಜನರ ಒಂದು ನೆರೆಹೊರೆ. ನಡುವೆ ಪ್ರಾಥಮಿಕ ಶಾಲೆ. ಯಾವ ಮನೆಯಿಂದಲೂ ಶಾಲೆ ಕಾಲು ಮೈಲಿಗಿಂತ ಜಾಸ್ತಿ ದೂರ ಇರಬಾರದು. ಕಾಲು ಮೈಲಿ ಅಂದರೆ ಸರಿಸುಮಾರು ಈ 400 ಮೀಟರ್. ದೊಡ್ಡ ರಸ್ತೆಗಳೆಲ್ಲ ಅಂಚಿನಲ್ಲಿ, ಒಳಗೆ ಬರಬಾರದು. ಶಾಲೆಗೆ ಹೋಗುವ ಮಗು ದೊಡ್ಡ ರಸ್ತೆ ದಾಟಬಾರದು. ಇಡೀ ನಕ್ಷೆಯನ್ನು ಅವನು ಮಗುವಿನ ಕಾಲಳತೆಯಲ್ಲಿ ಹಾಕಿದ್ದ.

ನಮ್ಮ ಸರ್ಕಾರದ ಕಾಗದಗಳಲ್ಲೂ ಇಂಥ ಲೆಕ್ಕಗಳಿವೆ. ಕೇಂದ್ರದ ನಗರ ಯೋಜನಾ ಮಾರ್ಗಸೂಚಿಯ ಪ್ರಕಾರ 2,500 ಜನಕ್ಕೆ ಒಂದು ಶಿಶುವಿಹಾರ ಬೇಕು. 5,000 ಜನಕ್ಕೆ ಒಂದು ಪ್ರಾಥಮಿಕ ಶಾಲೆ, ಅರ್ಧ ಹೆಕ್ಟೇರಿನ ಒಂದು ಪಾರ್ಕು. 400ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ ಮಾದರಿ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಯ ಶಾಲೆ ಮನೆಯಿಂದ 1 ಕಿಲೋಮೀಟರ್ ಒಳಗೆ ಇರಬೇಕು, 6ರಿಂದ 8ನೇ ತರಗತಿಯದ್ದು 3 ಕಿಲೋಮೀಟರ್ ಒಳಗೆ. ನೆರೆಹೊರೆ ಅನ್ನುವುದು ಸುಮ್ನೆ ಆಡುವ ಮಾತಲ್ಲ, ಕಾಯ್ದೆಯ ನಿಯಮಗಳಲ್ಲಿ ಅಳತೆ ಇರುವ ವಸ್ತು.

ನಮ್ಮ ಹಳೇ ಕೇರಿಗಳನ್ನು ಯಾರೂ ಈ ಲೆಕ್ಕ ಹಿಡಿದು ಕಟ್ಟಲಿಲ್ಲ. ಹಬ್ಬುವಾಡ, ಸೋನಾರವಾಡ ಇವೆಲ್ಲ ಯಾವ ಯೋಜಕರ ನಕ್ಷೆಯಿಂದ ಹುಟ್ಟಿದವೂ ಅಲ್ಲ. ಒಂದು ಬಾವಿ, ಒಂದು ಗುಡಿ, ಒಂದಿಷ್ಟು ತೆಂಗಿನ ಹಿತ್ತಲು, ನಡುವೆ ಓಣಿ. ಆದರೂ ನಡೆದು ನೋಡಿದರೆ ಪೆರ್ರಿಯ ಲೆಕ್ಕಕ್ಕೆ ಎಷ್ಟು ಹತ್ತಿರ ಬರುತ್ತವೆ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ. ಕಾರಣ ಬಹಳ ಸರಳ. ಎಲ್ಲರೂ ನಡೆದೇ ಓಡಾಡುತ್ತಿದ್ದ ಕಾಲದಲ್ಲಿ ಬೆಳೆದ ಜಾಗ ಅವು. ಕಾಲಿಗೆ ಎಟುಕದ ಊರನ್ನು ಆಗ ಯಾರಿಗೂ ಕಟ್ಟಲು ಆಗುತ್ತಿರಲಿಲ್ಲ.

ಈಗ ದಾಟುವ ವಿಷಯ. ದೂರಕ್ಕಿಂತ ದೊಡ್ಡ ತಲೆನೋವು ಇದೇ.

ಕಾರವಾರದ ನಕ್ಷೆ ನೋಡಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಊರು, ಎರಡರ ನಡುವೆ ರಾಷ್ಟ್ರೀಯ ಹೆದ್ದಾರಿ 66. ಟಾಗೋರ್ ಕಡಲತೀರ ಎಷ್ಟೋ ಮನೆಗಳಿಗೆ ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿ ಮರಳಿದೆ, ಗಾಳಿಯಿದೆ, 2006ರಿಂದ ಐಎನ್‌ಎಸ್ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯ ಇದೆ, ಮಯೂರವರ್ಮ ವೇದಿಕೆ ಇದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಂಗಳ ಯಾವ ಊರು ಕೊಟ್ಟೀತು? (ಅಂದಹಾಗೆ, ಈ ತೀರಕ್ಕೆ ಟಾಗೋರರ ಹೆಸರು ಬಂದದ್ದೂ ಒಂದು ವರ್ಗಾವಣೆಯಿಂದಲೇ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ರವೀಂದ್ರರು ಅಣ್ಣನ ಮನೆಗೆ ಬಂದು ಉಳಿದಿದ್ದರು.) ಆದರೆ ನಡುವೆ ಲಾರಿ ಓಡುವ ರಸ್ತೆ ದಾಟಬೇಕಾದರೆ ಒಂಬತ್ತು ವರ್ಷದ ಮಗುವನ್ನು ಯಾರೂ ಒಬ್ಬನೇ ಕಳಿಸುವುದಿಲ್ಲ. ನಾನೂ ಕಳಿಸಿಲ್ಲ. ಕಡಲು ದಿನವೂ ಕಾಣುತ್ತದೆ, ಹೋಗುವುದು ಮಾತ್ರ ಭಾನುವಾರ, ಅಪ್ಪನ ಜೊತೆ. ಅಂದರೆ ಆ ಮಗುವಿನ ಪಾಲಿಗೆ ಬೀಚ್ 'ಹತ್ರ' ಇಲ್ಲ.

ರಸ್ತೆ ಮಾಡುವ ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ. 1960ರ ದಶಕದ ಕೊನೆಗೆ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ಸಂಶೋಧಕರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೋಡಲು ಒಂದೇ ತರಹ ಇದ್ದ ಮೂರು ಬೀದಿ ಆರಿಸಿಕೊಂಡರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಕಡಿಮೆ ವಾಹನದ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಗೆಳೆಯರಿದ್ದರು. ಜಾಸ್ತಿ ವಾಹನದ ಬೀದಿಯವರಿಗೆ ಒಬ್ಬರೂ ಪೂರ್ತಿ ಇರಲಿಲ್ಲ, ಸರಾಸರಿ 0.9. ಗದ್ದಲಕ್ಕೆ ಜನ ಕಿಟಕಿ ಮುಚ್ಚುತ್ತಾರೆ, ಜಗಲಿಯ ಮೇಲೆ ಕೂರುವುದು ಬಿಡುತ್ತಾರೆ, ಎದುರು ಮನೆ ಆಚೆ ದಡವಾಗುತ್ತದೆ. ನೆರೆಹೊರೆ ಅಂತ ನಾವು ಕರೆಯುವ ವಸ್ತು ಹೀಗೆ ಸದ್ದಿಲ್ಲದೆ ಕರಗುತ್ತದೆ.

ಇಂಗ್ಲೆಂಡಿನ ಇನ್ನೊಂದು ಲೆಕ್ಕ ನನ್ನ ತಲೆಯಿಂದ ಹೋಗುವುದೇ ಇಲ್ಲ. 1971ರಲ್ಲಿ ಅಲ್ಲಿನ ಏಳೆಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಮಂದಿ ದೊಡ್ಡವರ ಜೊತೆ ಇಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ಅದು ನೂರಕ್ಕೆ 9ಕ್ಕೆ ಇಳಿಯಿತು. ಇಪ್ಪತ್ತು ವರ್ಷವೂ ಪೂರ್ತಿ ಆಗಿರಲಿಲ್ಲ. ಮೇಯರ್ ಹಿಲ್‌ಮನ್ ಮತ್ತು ಜೊತೆಗಾರರು ಮಾಡಿದ ಅಧ್ಯಯನ ಇದು. ತಂದೆತಾಯಿಗಳು ಹೇಳಿದ ಮುಖ್ಯ ಕಾರಣ ವಾಹನದ ಭಯ.

ನಮ್ಮಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನೋಡಲು ಸಂಜೆ ಶಾಲೆ ಬಿಡುವ ಹೊತ್ತಿಗೆ ಯಾವುದಾದರೂ ಗೇಟಿನ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಸ್ಕೂಟರು, ಓಮ್ನಿ, ರಿಕ್ಷಾ, ಕಾರು. ಎಲ್ಲರೂ ರಸ್ತೆ ಅಪಾಯ ಅಂತ ಮಗುವನ್ನು ವಾಹನದಲ್ಲಿ ಕರೆದೊಯ್ಯಲು ಬಂದವರು. ಆ ಹೊತ್ತಿನಲ್ಲಿ ಅಲ್ಲಿ ಅಪಾಯ ಅಂತ ಇರುವುದು ಆ ವಾಹನಗಳೇ. ಇದನ್ನು ನೋಡಿ ನಡೆದು ಹೋಗುತ್ತಿದ್ದ ಇನ್ನೊಂದು ಮಗುವಿನ ಅಮ್ಮ ಮರುವಾರ ಸ್ಕೂಟರ್ ತರುತ್ತಾಳೆ. ಆ ಅಮ್ಮ ನಾನೇ, ಮೂರು ವರ್ಷದ ಕೆಳಗೆ.

ಶಾಲೆಯ ಮಾತು ಬಂತಲ್ಲ, ಅಲ್ಲಿ ಇನ್ನೊಂದು ಗಂಟು ಇದೆ. ತಮ್ಮ ನೋಡಿದ ಒಂದು ಮನೆಯಿಂದ ಸರ್ಕಾರಿ ಶಾಲೆ ಮುನ್ನೂರು ಹೆಜ್ಜೆ. ಅವನಿಗೆ ಬೇಕಾದ ಇಂಗ್ಲಿಷ್ ಮೀಡಿಯಂ ಶಾಲೆ ನಾಲ್ಕು ಕಿಲೋಮೀಟರ್. ಅವನನ್ನು ದೂರುವುದಿಲ್ಲ, ನಾನು ಮಾಡಿದ್ದೂ ಅದೇ. ಆದರೆ ಇದರ ಬೆಲೆ ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಓಣಿಯಲ್ಲಿ ಹನ್ನೊಂದು ಮಕ್ಕಳಿದ್ದಾರೆ, ಬೆಳಿಗ್ಗೆ ಐದು ಬಣ್ಣದ ಯೂನಿಫಾರ್ಮ್ ಹೊರಡುತ್ತದೆ. ಒಬ್ಬರ ಪರೀಕ್ಷೆ ಇನ್ನೊಬ್ಬರಿಗಿಲ್ಲ, ಒಬ್ಬರ ರಜೆ ಇನ್ನೊಬ್ಬರಿಗಿಲ್ಲ. ವ್ಯಾನ್ ಬರುವ ಹೊತ್ತೂ ಬೇರೆ. ಕ್ಲಾಸಿನ ಗೆಳೆಯರು ನಾಲ್ಕು ಕಿಲೋಮೀಟರ್ ಆಚೆ, ಓಣಿಯ ಮಕ್ಕಳು ಬರೀ ಮುಖಪರಿಚಯ. ಶಾಲೆ ಆರಿಸುವಾಗ ಮಗುವಿನ ಸಂಜೆಯನ್ನೂ ಆರಿಸುತ್ತಿದ್ದೇವೆ ಅಂತ ನನಗೆ ಗೊತ್ತಾದದ್ದು ತಡವಾಗಿ.

ನೆರೆಹೊರೆ ಕೊಡುವುದು ಮಗುವಿನ ವಯಸ್ಸಿನ ಜೊತೆ ಬದಲಾಗುತ್ತದೆ. ಕೂಸಿದ್ದಾಗ ಬೇಕಾಗುವುದು ಅಂಗನವಾಡಿ, ಲಸಿಕೆ, ಮತ್ತು ಪಕ್ಕದ ಮನೆಯ ಒಬ್ಬ ಅಜ್ಜಿ. ಅಂಗನವಾಡಿ ಅಂದರೆ ಬಡವರದ್ದು ಅಂತ ಮೂಗು ಮುರಿಯುವವರಿದ್ದಾರೆ. ತಪ್ಪು ತಿಳುವಳಿಕೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಯೋಜನೆ ಅದು. ಕರ್ನಾಟಕದಲ್ಲಿ ಮೊದಲು ಆರಂಭವಾದದ್ದು ಟಿ. ನರಸೀಪುರದಲ್ಲಿ. ತೂಕ ನೋಡುವುದು, ಲಸಿಕೆಯ ನೆನಪು ಮಾಡುವುದು, ಮೂರರಿಂದ ಆರು ವರ್ಷದವರಿಗೆ ಹಾಡು ಕತೆ, ಊಟ, ತಾಯಂದಿರಿಗೆ ಸಲಹೆ, ಎಲ್ಲ ಒಂದೇ ಕೋಣೆಯಲ್ಲಿ. ನನ್ನ ಮಗಳ ತೂಕ ಏರುತ್ತಿಲ್ಲ ಅಂತ ಮೊದಲು ಗಮನಿಸಿದ್ದು ಅಂಗನವಾಡಿ ಟೀಚರ್, ಡಾಕ್ಟರಿಗಿಂತ ಮುಂಚೆ. ದಿನವೂ ಅದೇ ಇಪ್ಪತ್ತು ಮಕ್ಕಳನ್ನು ನೋಡುವ ಕಣ್ಣಿಗೆ ಅದು ಸಿಗುತ್ತದೆ.

ನಾಲ್ಕರಿಂದ ಏಳರವರೆಗೆ ಅಂಗಳ ಸಾಕು. ನಿಮ್ಮದೇ ಆಗಬೇಕೆಂದಿಲ್ಲ, ಪಕ್ಕದವರದ್ದಾದರೂ ಆದೀತು. ನಡುವೆ ಕಾಂಪೌಂಡ್ ಎತ್ತರ ಇರಬಾರದು ಅಷ್ಟೇ.

ಎಂಟರಿಂದ ಹನ್ನೆರಡು, ಇದು ಓಣಿಯ ನಿಜವಾದ ವಯಸ್ಸು. ಸೈಕಲ್ ಬರುತ್ತದೆ. ಕ್ರಿಕೆಟ್ ಬರುತ್ತದೆ. ಯಾರ ಹಿತ್ತಲಿಗೆ ಚೆಂಡು ಹೋದರೆ ಕೊಡುತ್ತಾರೆ, ಯಾರು ಕೊಡುವುದಿಲ್ಲ ಎಂಬ ನಕ್ಷೆ ಬಾಯಿಪಾಠ ಆಗುತ್ತದೆ. ಹತ್ತು ರೂಪಾಯಿ ಕೊಟ್ಟು ಎಂಟರ ವಸ್ತು ತಗೊಂಡು ಎರಡು ವಾಪಸ್ ತರುವುದು ಬರುತ್ತದೆ. ಕೊತ್ತಂಬರಿ ಸೊಪ್ಪಿನ ಪ್ರಶ್ನೆ ಕೇಳಿದ್ದು ಇದಕ್ಕೇ. ಒಂದು ಮಗು ಒಂಟಿಯಾಗಿ ಅಂಗಡಿಗೆ ಹೋಗಿ ಬರಬೇಕಾದರೆ ಎಷ್ಟೆಲ್ಲ ಕೂಡಿಬರಬೇಕು ನೋಡಿ. ಅಂಗಡಿ ಕಾಲಳತೆಯಲ್ಲಿ ಇರಬೇಕು. ದಾರಿಯಲ್ಲಿ ದೊಡ್ಡ ರಸ್ತೆ ಇರಬಾರದು. ಗಟಾರಿನ ಮೇಲೆ ಕಲ್ಲುಹಾಸು ಇರಬೇಕು. ನಾಯಿಗಳು ಪರಿಚಯದವಾಗಿರಬೇಕು. ಎರಡು ಮೂರು ಮನೆಯ ಮುಂದೆ ಯಾರಾದರೂ ಕೂತಿರಬೇಕು. ಅಂಗಡಿಯವರಿಗೆ ಮಗುವಿನ ಮನೆ ಗೊತ್ತಿರಬೇಕು. ಇದರಲ್ಲಿ ಒಂದು ತಪ್ಪಿದರೂ ನೀವೇ ಚಪ್ಪಲಿ ಮೆಟ್ಟಿ ಹೊರಡುತ್ತೀರಿ.

ಕಾರವಾರದ ಭಾನುವಾರದ ಸಂತೆ ಈ ವಯಸ್ಸಿಗೆ ಒಳ್ಳೆಯ ಶಾಲೆ. ಚೀಲ ಹಿಡಿಸಿ ಕರೆದೊಯ್ಯಿರಿ. ಹಾಲಕ್ಕಿ ಹೆಂಗಸರು ತಂದ ಹಸಿರು ತರಕಾರಿ, ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡು ಮಾವು, ಘಟ್ಟದ ಮೇಲಿಂದ ಬಂದ ಮೆಣಸಿನಕಾಯಿ ರಾಶಿ. ಮೀನು ಪೇಟೆಯಲ್ಲಿ ಬಂಗಡೆ ಯಾವುದು, ತಾರ್ಲೆ ಯಾವುದು, ಶೆಟ್ಲಿ ಇವತ್ತು ಯಾಕೆ ತುಟ್ಟಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ ಅಂತ ನನ್ನ ಮಗ ಕಲಿತದ್ದು ಪುಸ್ತಕದಿಂದಲ್ಲ, ಮೀನಿನ ರೇಟಿನಿಂದ.

ಹದಿಮೂರು ದಾಟಿದವರ ಬಗ್ಗೆ ಮಾತ್ರ ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ಪಾರ್ಕಿನ ಜೋಕಾಲಿಗೆ ಅವರು ದೊಡ್ಡವರು, ಕಟ್ಟೆಯ ಹರಟೆಗೆ ಚಿಕ್ಕವರು. ಐದರಿಂದ ಏಳು ಟ್ಯೂಷನ್. ಮಾಲಾದೇವಿ ಮೈದಾನದಲ್ಲಿ ಆಡುವ ಹುಡುಗರು ಸಿಗುತ್ತಾರೆ, ಹುಡುಗಿಯರು ಎಷ್ಟು ಮಂದಿ ಎಣಿಸಿ ನೋಡಿ. ನನ್ನ ಮಗಳಿಗೆ ಈಗ ಹದಿಮೂರು. ಹನ್ನೊಂದರವರೆಗೆ ಓಣಿ ಅವಳದ್ದಾಗಿತ್ತು. ಆಮೇಲೆ ನಿಧಾನಕ್ಕೆ "ಇನ್ನೂ ಹೊರಗೇ ಇದ್ದೀಯಾ?" ಅನ್ನುವವರು ಜಾಸ್ತಿಯಾದರು. ಯಾರೂ ಬೈಯಲಿಲ್ಲ, ಬರೀ ಕೇಳಿದರು. ಅವಳು ಒಳಗೆ ಬಂದಳು. ಮಗುವನ್ನು ಕಾಯುವ ಕಣ್ಣು ಮತ್ತು ಹುಡುಗಿಯನ್ನು ಅಳೆಯುವ ಕಣ್ಣು ಎರಡೂ ಒಂದೇ ಜಗಲಿಯ ಮೇಲೆ ಕೂತಿರುತ್ತವೆ. ಹಳೇ ಕೇರಿಯನ್ನು ಹೊಗಳುವವರು, ನಾನೂ ಸೇರಿ, ಇದನ್ನು ಮುಚ್ಚಿಡಬಾರದು.

ಇಷ್ಟು ಹೇಳಿದ್ದು ಒಣ ದಿನಗಳ ಮಾತು. ಕರಾವಳಿಯಲ್ಲಿ ಮನೆ ನೋಡುವವರು ಮೇ ತಿಂಗಳಲ್ಲಿ ಬರುತ್ತಾರೆ, ಅದೇ ತಪ್ಪು. ಜುಲೈಯಲ್ಲಿ ಬರಬೇಕು. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಧಾರವಾಡದ ಮೂರು ಪಟ್ಟಿಗೂ ಜಾಸ್ತಿ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಓಣಿ ಚೆನ್ನಾಗಿದೆ ಅಂದುಕೊಂಡದ್ದು ಹೊಳೆ ಆಗುತ್ತದೆ. ತೆರೆದ ಗಟಾರು ಯಾವುದು, ರಸ್ತೆ ಯಾವುದು ಅಂತ ದೊಡ್ಡವರಿಗೇ ತಿಳಿಯುವುದಿಲ್ಲ. ಗುಡ್ಡ ಕೊರೆದು ಸೈಟ್ ಮಾಡಿದ ಕಡೆ ಇನ್ನೊಂದು ಭಯ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಮೇಲೆ ಈ ಜಿಲ್ಲೆಯಲ್ಲಿ ಬೆನ್ನಿಗೆ ಕಡಿದ ಗುಡ್ಡ ಇರುವ ಮನೆಯನ್ನು ಜನ ಎರಡು ಸಲ ನೋಡುತ್ತಾರೆ. ನೋಡಲೇಬೇಕು.

ಹಾಗಾಗಿ ಮನೆ ತೋರಿಸುವವರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳಿ: ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ? ಅವರು ಕಾಂಪೌಂಡ್ ಗೋಡೆಯ ಮೇಲಿನ ಗೆರೆ ತೋರಿಸುತ್ತಾರೆ. ಆ ಗೆರೆ ಸುಳ್ಳು ಹೇಳುವುದಿಲ್ಲ.

ಮಳೆಗಾಲದ ಮಕ್ಕಳಿಗೆ ಬೇಕಾದದ್ದು ಮಾಡು ಇರುವ ಸಾರ್ವಜನಿಕ ಜಾಗ. ಗುಡಿಯ ಚಂದ್ರಶಾಲೆ, ಸಭಾಭವನ, ಗ್ರಂಥಾಲಯ, ಉದ್ದ ಜಗಲಿಯ ಮನೆ. ಯಾವ ಯೋಜನಾ ಮಾರ್ಗಸೂಚಿಯಲ್ಲೂ ಇದನ್ನು ಒತ್ತಿ ಹೇಳಿದ್ದು ನಾನು ಕಾಣೆ. ಅರ್ಧ ಹೆಕ್ಟೇರು ಪಾರ್ಕು ಅನ್ನುತ್ತಾರೆ, ನಾಲ್ಕು ತಿಂಗಳು ಅದು ಕೆಸರುಗದ್ದೆ. ನಮ್ಮ ಓಣಿಯ ಮಕ್ಕಳು ಜುಲೈ ಪೂರ್ತಿ ಆಡುವುದು ಒಂದು ಗುಡಿಯ ಚಂದ್ರಶಾಲೆಯಲ್ಲಿ. ಕೇರಂ, ಚೌಕಾಬಾರ, ಹೊರಗೆ ಹೊಳವಾದರೆ ಐದು ನಿಮಿಷ ಫುಟ್‌ಬಾಲ್. ಭಟ್ಟರು ಮಂಗಳಾರತಿಯ ಹೊತ್ತಿಗೆ ಮಾತ್ರ ಓಡಿಸುತ್ತಾರೆ.

ಇದು ಬರೀ ಬೇಸರ ಕಳೆಯುವ ಮಾತಲ್ಲ, ಕಣ್ಣಿನ ಮಾತೂ ಹೌದು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಎರಡು ಊರಲ್ಲಿ ಹೋಲಿಸಿದರು. ಸಿಂಗಾಪುರದ ಮಕ್ಕಳಲ್ಲಿ ನೂರಕ್ಕೆ 29 ಮಂದಿಗೆ ದೂರದ್ದು ಮಸುಕು, ಸಿಡ್ನಿಯವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ. ಸಿಡ್ನಿ ಮಕ್ಕಳು ವಾರಕ್ಕೆ ಸುಮಾರು 14 ಗಂಟೆ ಮನೆಯ ಹೊರಗೆ ಇರುತ್ತಿದ್ದರು, ಸಿಂಗಾಪುರದವರು ಸುಮಾರು 3 ಗಂಟೆ. ಹೊರಗಿನ ಬೆಳಕಿಗೆ ಕಣ್ಣಿನ ಒಳಪರದೆಯಲ್ಲಿ ಡೋಪಮಿನ್ ಹೆಚ್ಚುತ್ತದೆ, ಅದು ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯದಂತೆ ತಡೆಯುತ್ತದೆ ಎಂಬುದು ಹೆಚ್ಚಿನ ಸಂಶೋಧಕರ ವಿವರಣೆ. ಮೋಡ ಕವಿದ ದಿನದ ಹೊರಗಿನ ಬೆಳಕೂ ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ತೆರೆದ ಜಗಲಿಗೂ ಕೋಣೆಗೂ ಇರುವ ವ್ಯತ್ಯಾಸ ಇದೇ. ಮಳೆ ನಿಂತ ಎಂಟು ತಿಂಗಳು ಮಕ್ಕಳನ್ನು ಮನೆಯೊಳಗೆ ಕೂರಿಸಿದರೆ ನಾವು ಕಡಲ ಪಕ್ಕ ಇದ್ದೂ ಸಿಂಗಾಪುರದ ಫ್ಲ್ಯಾಟಿನವರಾಗುತ್ತೇವೆ.

ಇನ್ನು ಮಳೆ ರಜೆ. ಬೆಳಿಗ್ಗೆ ತಿಂಡಿ ಡಬ್ಬಿ ಕಟ್ಟಿ ಆದ ಮೇಲೆ ಜಿಲ್ಲಾಧಿಕಾರಿಗಳ ಆದೇಶ ಮೊಬೈಲಿಗೆ ಬರುತ್ತದೆ, ಇವತ್ತು ರಜೆ. ಮಕ್ಕಳು ಕುಣಿಯುತ್ತಾರೆ. ರಜೆ ಮಕ್ಕಳಿಗೆ ಮಾತ್ರ, ಅಪ್ಪ ಅಮ್ಮನ ಕಚೇರಿ ತೆರೆದೇ ಇರುತ್ತದೆ. ಆ ಹದಿನೈದು ನಿಮಿಷದಲ್ಲಿ ನಿಮ್ಮ ನೆರೆಹೊರೆ ಏನು ಅಂತ ಗೊತ್ತಾಗುತ್ತದೆ. ನಮ್ಮ ಎದುರು ಮನೆಯ ಬಾಯಿಯವರು ಬಾಗಿಲಿಗೆ ಬಂದು "ಕಳ್ಸು ಇಲ್ಲೇ, ಗಂಜಿ ಉಂಡ್ಕೊಂಡು ಇರ್ತಾವೆ" ಅನ್ನುತ್ತಾರೆ. ಅವರು ಕೊಂಕಣಿಯವರು, ಅಷ್ಟು ಕನ್ನಡ ನನಗಾಗಿಯೇ ಕಲಿತದ್ದು. ಇದಕ್ಕೆ ಬಾಡಿಗೆಯ ಕರಾರಿನಲ್ಲಿ ಜಾಗ ಇಲ್ಲ. ಆದರೆ ತಿಂಗಳ ಲೆಕ್ಕ ಹಾಕಿದರೆ ಎರಡನೇ ಬೆಡ್‌ರೂಮಿಗಿಂತ ಬೆಲೆಬಾಳುವುದು ಇದೇ.

ಭಾಷೆಯೂ ಹಾಗೆಯೇ ಪುಕ್ಕಟೆ ಬರುತ್ತದೆ. ಕಾರವಾರದ ಓಣಿಯಲ್ಲಿ ಕೊಂಕಣಿ, ಕನ್ನಡ, ಮರಾಠಿ, ಉರ್ದು, ನೌಕಾನೆಲೆಯ ಮಕ್ಕಳಿದ್ದರೆ ಹಿಂದಿ. ಆಟದ ಜಗಳ ಯಾವ ಭಾಷೆಯಲ್ಲಿ ನಡೆಯುತ್ತದೋ ಅದು ಮೊದಲು ಬರುತ್ತದೆ. ನನ್ನ ಮಗ ಔಟ್ ಆದಾಗ ಒಪ್ಪಿಕೊಳ್ಳದಿರುವುದನ್ನು ನಾಲ್ಕು ಭಾಷೆಯಲ್ಲಿ ಮಾಡಬಲ್ಲ.

ಸಿರಸಿಯ ಕತೆ ಬೇರೆ. ನಾವಿಬ್ಬರೂ ಹುಟ್ಟಿದ ಕಡೆ ಅದು. ಅಲ್ಲಿ ಕಡಲಿಲ್ಲ, ಹೆದ್ದಾರಿಯ ಗೋಡೆ ಇಲ್ಲ, ಆದರೆ ಏರು ಇಳಿಜಾರು. ಮರಾಠಿಕೊಪ್ಪದಿಂದ ಪೇಟೆಗೆ ಸೈಕಲ್ ಇಳಿಯುವುದು ಸುಖ, ಹತ್ತುವುದು ಬೇರೆಯೇ ಮಾತು. ಅಲ್ಲಿ ಮಕ್ಕಳಿಗೆ ಊರು ಪೂರ್ತಿ ಸಿಗುವುದು ಎರಡು ವರ್ಷಕ್ಕೊಮ್ಮೆ, ಮಾರಿಕಾಂಬಾ ಜಾತ್ರೆಯಲ್ಲಿ. ದೇವಿ ತೇರೇರಿ ಬಿಡ್ಕಿಬೈಲಿನ ಗದ್ದುಗೆಗೆ ಬಂದು ಕೂತ ಮೇಲೆ ಪೇಟೆಯ ಬೀದಿಗಳಲ್ಲಿ ವಾಹನಕ್ಕೆ ಜಾಗವೇ ಇಲ್ಲ. ಜನ ನಡೆಯುತ್ತಾರೆ. ತೊಟ್ಟಿಲು, ಬಳೆ ಅಂಗಡಿ, ಮಿಠಾಯಿ. ಚಿಕ್ಕವಳಿದ್ದಾಗ ಜಾತ್ರೆಯ ಖುಷಿ ತೊಟ್ಟಿಲಿನದ್ದು ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅದು ರಸ್ತೆಯ ನಡುವೆ ನಡೆಯುವ ಖುಷಿಯೂ ಆಗಿತ್ತು. ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷದ ಕುಣಿತ. ರಾತ್ರಿ ತಮಟೆ ಕೇಳಿದರೆ ಹೆದರಿ ಓಡುವುದು, ಓಡಿ ಮತ್ತೆ ಇಣುಕುವುದು. ಮಕ್ಕಳಿಗೆ ಸ್ವಲ್ಪ ಹೆದರಿಕೆಯೂ ಬೇಕು, ಪರಿಚಯದವರ ನಡುವೆ.

ಅದೇ ಸಿರಸಿಯ ಅಂಚಿನಲ್ಲಿ, ಕಾರವಾರದ ಅಂಚಿನಲ್ಲೂ, ಹೊಸ ಲೇಔಟುಗಳು ಏಳುತ್ತಿವೆ. ನಾವೂ ಎರಡು ವರ್ಷ ಅಂಥ ಒಂದು ಕಡೆ ಇದ್ದೆವು. ಮನೆ ದೊಡ್ಡದು, ಗಾಳಿ ಬೆಳಕು ಬೇಕಾದಷ್ಟು. ನಕ್ಷೆಯಲ್ಲಿ ಹಸಿರು ಬಣ್ಣದ ಪಾರ್ಕ್ ಇತ್ತು. ಜಾಗದ ಮೇಲೆ ಇದ್ದದ್ದು ಯಾರದ್ದೋ ಚಿರೆಕಲ್ಲಿನ ರಾಶಿ, ಜಲ್ಲಿ, ಕೆಟ್ಟು ನಿಂತ ಒಂದು ಮಿಕ್ಸರ್. ಅರ್ಧ ಸೈಟುಗಳು ಖಾಲಿ, ಹುಲ್ಲು ಆಳೆತ್ತರ. ಎರಡು ಮನೆಯ ಆಚೆ ಯಾರೂ ಇಲ್ಲ. ಅಂಗಡಿ ಒಂದೂವರೆ ಕಿಲೋಮೀಟರ್. ಆ ಎರಡು ವರ್ಷ ನನ್ನ ಮಕ್ಕಳು ಒಮ್ಮೆಯೂ ಒಬ್ಬರೇ ಎಲ್ಲಿಗೂ ಹೋಗಲಿಲ್ಲ. ದಾರಿ ಪೂರ್ತಿ ಸುರಕ್ಷಿತವಾಗಿತ್ತು, ಹೋಗಲು ಜಾಗವೇ ಇರಲಿಲ್ಲ.

ಇಂಥ ಕಡೆ ಸೈಟ್ ಅಥವಾ ಮನೆ ಕೊಳ್ಳುವವರು ಒಂದು ಕೆಲಸ ಮಾಡಬಹುದು. ನಗರಸಭೆಗೆ ಹೋಗಿ ಮಂಜೂರಾದ ಲೇಔಟ್ ನಕ್ಷೆ ನೋಡಿ. ಪಾರ್ಕ್ ಎಲ್ಲಿ, ಸಿ.ಎ. ಸೈಟ್ ಎಲ್ಲಿ, ಅವನ್ನು ನಗರಸಭೆಗೆ ಹಸ್ತಾಂತರ ಮಾಡಿದ್ದಾರಾ ಅಂತ ಕೇಳಿ. ಸಿ.ಎ. ಅಂದರೆ ಶಾಲೆ, ಅಂಗನವಾಡಿ, ಗ್ರಂಥಾಲಯದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ರಾಜ್ಯದಲ್ಲಿ ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲು 1985ರಲ್ಲೇ ಒಂದು ಕಾಯ್ದೆ ಬಂದಿದೆ. ಪಾರ್ಕ್ ಅಂತ ಗುರುತಿಸಿದ್ದನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ನಾಲ್ಕು ಮನೆಯವರು ಸೇರಿ ಅರ್ಜಿ ಕೊಟ್ಟರೆ ಚಿರೆಕಲ್ಲು ಜರುಗುತ್ತದೆ, ನಿಧಾನಕ್ಕಾದರೂ. ನಾವು ಕೊಡಲಿಲ್ಲ. ನಾಲ್ಕು ಮನೆಯವರು ಇರಲಿಲ್ಲವಲ್ಲ.

ಯಾವ ಕೇರಿಯೂ ಕೊಡಲಾಗದ್ದು ಒಂದಿದೆ, ದೊಡ್ಡ ಆಸ್ಪತ್ರೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ. ಆದರೂ ಮಗುವಿಗೆ ತೀರಾ ಹೆಚ್ಚುಕಡಿಮೆಯಾದರೆ ಜನ ಗೋವಾದ ಬಾಂಬೋಳಿಗೆ, ಮಣಿಪಾಲಕ್ಕೆ, ಸಿರಸಿ ಕಡೆಯವರು ಹುಬ್ಬಳ್ಳಿಗೆ ಓಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಈ ಜಿಲ್ಲೆ ಕೂಗುತ್ತಿರುವುದು ಇದಕ್ಕೇ. ಬಾಡಿಗೆ ಮನೆ ಹುಡುಕುವವರು ಇದನ್ನು ಸರಿಮಾಡಲಾಗದು. ಮಕ್ಕಳ ಡಾಕ್ಟರ್ ರಾತ್ರಿ ಫೋನ್ ಎತ್ತುತ್ತಾರಾ, ಓಣಿಗೆ ಆಂಬುಲೆನ್ಸ್ ಬರುವಷ್ಟು ಅಗಲ ಇದೆಯಾ, ಇಷ್ಟು ನೋಡಿಕೊಳ್ಳಬಹುದು. ಹಳೇ ಓಣಿಗಳಲ್ಲಿ ಎರಡನೆಯದು ಎಷ್ಟೋ ಸಲ ಇರುವುದಿಲ್ಲ.

ಇನ್ನೊಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ. ಹಳೇ ಕೇರಿಯಲ್ಲಿ ಮನೆ ಕೇಳಲು ಹೋದರೆ ಬಾಡಿಗೆಗಿಂತ ಮೊದಲು ಬರುವ ಪ್ರಶ್ನೆ "ನೀವು ಯಾವ ಪೈಕಿ?" ಆಮೇಲೆ "ಮೀನು ತಿಂತೀರಾ?" ಉತ್ತರ ನೋಡಿ ಮನೆ ಖಾಲಿ ಇದೆಯೋ ಇಲ್ಲವೋ ತೀರ್ಮಾನ ಆಗುತ್ತದೆ. ದೊಡ್ಡವರಿಗೆ ಇದು ಅವಮಾನ, ಮಕ್ಕಳಿಗೆ ನಷ್ಟ. ಯಾರ ಅಂಗಳಕ್ಕೆ ಹೋಗಬಹುದು, ಯಾರದ್ದಕ್ಕೆ ಬೇಡ ಅಂತ ಅವರು ಕಲಿಯುವುದೂ ಇದೇ ವಯಸ್ಸಿನಲ್ಲಿ. ಲೇಔಟಿನಲ್ಲಿ ಈ ಪ್ರಶ್ನೆ ಕಡಿಮೆ. ಅದರ ಪರವಾಗಿ ಹೇಳಲು ನನ್ನ ಬಳಿ ಇರುವ ಗಟ್ಟಿ ಮಾತು ಇದೊಂದೇ, ಆದರೆ ಅದು ಸಣ್ಣ ಮಾತಲ್ಲ.

ಎಲ್ಲ ತೂಗಿ ನೋಡಿದರೆ ನಾನು ಸಣ್ಣ ಮನೆ, ಜನ ಇರುವ ಓಣಿ ಅನ್ನುವವಳು. ತಮ್ಮನ ಹೆಂಡತಿಗೆ ಕಾರ್ ನಿಲ್ಲಿಸಲು ಜಾಗ ಬೇಕಿತ್ತು, ಅದೂ ನ್ಯಾಯವೇ. ಕಳೆದ ಭಾನುವಾರ ನಾಲ್ವರೂ ಬಂದರು. ಮೂರು ಮನೆ ನೋಡಿದೆವು. ಮೂರನೆಯದು ಕಾಜುಬಾಗ ಕಡೆ, ಹಂಚಿನ ಮಾಡು, ಮುಂದೆ ಉದ್ದ ಜಗಲಿ, ಕಾರಿಗೆ ಜಾಗ ಇಲ್ಲ. ದೊಡ್ಡವರು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಿದ್ದಾಗ ಹುಡುಗನ ಕೈಗೆ ಇಪ್ಪತ್ತರ ನೋಟು ಕೊಟ್ಟು ಕಳಿಸಿದೆ. "ಬಲಕ್ಕೆ ತಿರುಗಿ ಸೀದಾ ಹೋಗು, ಕಟ್ಟೆ ಪಕ್ಕ ಅಂಗಡಿ. ಕೊತ್ತಂಬರಿ ಸೊಪ್ಪು ತಾ." ಅವನ ಅಮ್ಮ ಗೇಟಿನ ಹತ್ತಿರ ಬಂದು ನಿಂತಳು.

ಹನ್ನೆರಡು ನಿಮಿಷ ಆಯಿತು. ಬರುವಾಗ ಜೊತೆಗೆ ಅವನದೇ ವಯಸ್ಸಿನ ಒಬ್ಬ ಹುಡುಗ, ಕೈಯಲ್ಲಿ ಟೆನಿಸ್ ಬಾಲು. ಕೊತ್ತಂಬರಿ ಮುಗಿದಿತ್ತಂತೆ, ಅಂಗಡಿಯವರು ಪುದಿನ ಕೊಟ್ಟು ಕಳಿಸಿದ್ದರು. "ಅತ್ತೆ, ಮೂರು ಜನ ಕೇಳಿದ್ರು, ಯಾರ ಮನೆ ಹುಡುಗ ನೀನು ಅಂತ. ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಈ ಮನೆ ತೋರಿಸಿದೆ."

ಮುಂಗಡ ಕೊಟ್ಟು ಬಂದರು. ಕಾರನ್ನು ಗುಡಿಯ ಹಿಂದೆ ನಿಲ್ಲಿಸಬೇಕು ಅಂತ ತಮ್ಮ ಇನ್ನೂ ಗೊಣಗುತ್ತಿದ್ದಾನೆ.